ಗೋಡೆ ಬಿದ್ದ ಮೇಲೆ ಕುಡಿದ ಚಹಾ

ಫೋನಿನಲ್ಲಿ ಒಂದೇ ಬೆರಳಿನಿಂದ ಟೈಪು ಮಾಡಲು ಕಲಿತ ಮೇಲೆ ನನಗೊಂದು ಜ್ಞಾನೋದಯವಾಗಿದೆ. ಹೆಂಡತಿ ತವರಿಗೆ ಹೋದರೆ ಅಳದ ಗಂಡಸರು ಹಳೇ ಹೋಟೆಲು ಒಡೆದರೆ ಅಳುತ್ತಾರೆ.

ನಾರಾಯಣಖೇಡದಿಂದ ಜಹೀರಾಬಾದಿಗೆ ಹೋಗುವ ನಮ್ಮ ರಸ್ತೆಯನ್ನು ಅಗಲ ಮಾಡುತ್ತಿದ್ದಾರೆ. ದಾರಿಯಲ್ಲಿ ಬಸಪ್ಪನ ಹೋಟೆಲು ಅಂತ ಒಂದಿದೆ. ಕಲ್ಲಿನ ಗೋಡೆ, ತಗಡಿನ ಮಾಡು, ಪಕ್ಕದ ಬೇವಿನ ಮರದ ಕಡೆ ಒಂದು ಕಿಟಕಿ. ಅದನ್ನು ಕೆಡವುತ್ತಾರೆಂಬ ಸುದ್ದಿ ಬಂದದ್ದೇ ತಡ, ಮನೆಮಂದಿಯ ವಾಟ್ಸಾಪಿನಲ್ಲಿ ಸೂತಕ ಶುರುವಾಯಿತು. ನನ್ನ ಮೈದುನ ಅಲ್ಲಿಯ ಭಜಿ ನೆನೆದು ಅಳುವ ಮುಖಗಳನ್ನು ಸಾಲಾಗಿ ಹಾಕಿದ. ಅದೇ ಭಜಿ ತಿಂದು ದಾರಿಯುದ್ದಕ್ಕೂ ಬಸ್ಸು ನಿಲ್ಲಿಸಿಕೊಂಡು ಬಂದವನೂ ಅವನೇ. ನಾಲಿಗೆಗೆ ಇರುವ ನೆನಪು ಹೊಟ್ಟೆಗೆ ಇರುವುದಿಲ್ಲ.

ನಾನೂ ಏನಾದರೂ ಬರೆಯೋಣವೆಂದು ಬೆರಳೆತ್ತಿದೆ. ಆಗ ಹೊಳೆಯಿತು, ಆ ಹೋಟೆಲಿನ ಒಳಗೆ ನಾನು ಒಮ್ಮೆಯೂ ಕಾಲಿಟ್ಟವಳಲ್ಲ. ಮರ್ಯಾದಸ್ಥರ ಮನೆಯ ಹೆಂಗಸರು ಹೋಟೆಲಿನೊಳಗೆ ಕೂರುತ್ತಿರಲಿಲ್ಲ. ಬಸ್ಸು ಬರುವ ತನಕ ಬೇವಿನ ಮರದ ಕೆಳಗೆ ಗಂಟುಗಳ ಜೊತೆ ನಾವೂ ಗಂಟುಗಳಾಗಿ ಕೂರುವುದು, ಕಿಟಕಿಯಿಂದ ಒಂದು ಕೈ ಹೊರಬಂದು ಚಹಾ ಕೊಡುವುದು. ಮದುವೆಯಾದ ಹೊಸತರಲ್ಲಿ ಒಳಗೆ ಏನಿದೆ ಅಂತ ಕೇಳಿದ್ದೆ.

"ಒಳಗ ಏನದ? ಏನೂ ಇಲ್ಲ," ಅಂದು ನಮ್ಮ ಯಜಮಾನರು ಮೀಸೆ ಒರೆಸಿಕೊಂಡರು.

ಏನೂ ಇಲ್ಲದ ಕಡೆ ಅಷ್ಟು ಹೊತ್ತು ಏಕೆ ಕೂರುತ್ತಿದ್ದರು? ಅವರು ತೀರಿಕೊಂಡರು, ಸಂಶಯ ಉಳಿಯಿತು. ಒಳಗೆ ದೊಡ್ಡ ಕನ್ನಡಿ ಇದೆ, ಸಿನಿಮಾದವಳ ಪಟ ಇದೆ ಅಂತ ನಾನೇ ಮನಸ್ಸಿನಲ್ಲಿ ಸಾಮಾನು ಜೋಡಿಸುತ್ತಾ ಬಂದಿದ್ದೆ. ಇನ್ನು ತಡಮಾಡಿದರೆ ನೋಡುವುದಕ್ಕೆ ಏನೂ ಇರುವುದಿಲ್ಲವೆಂದು ಬಸ್ಸು ಹತ್ತಿದೆ.

ಹೋಗುವಷ್ಟರಲ್ಲಿ ಮುಂದಿನ ಗೋಡೆ ಬಿದ್ದಿತ್ತು, ಬಾಗಿಲ ಚೌಕಟ್ಟೊಂದೇ ನಿಂತಿತ್ತು. ಬಸಪ್ಪನ ಮಗ ಶಿವರಾಜ, ಹೋಟೆಲು ಕೆಡವಲು ಬಂದ ಜೆಸಿಬಿ ಡ್ರೈವರಿಗೇ ಚಹಾ ಕಾಯಿಸುತ್ತಿದ್ದ. ಗಿರಾಕಿ ಅಂದರೆ ಗಿರಾಕಿ.

"ಒಳಗ ಕುಂತು ಚಹಾ ಕುಡೀಬೇಕಪ್ಪಾ," ಅಂದೆ.

"ಗ್ವಾಡಿನೇ ಹೋಗ್ಯಾದ ಆಯಿ. ಇನ್ನ ಒಳಗ ಯಾವ್ದು, ಹೊರಗ ಯಾವ್ದು?"

"ಬಾಗಿಲು ನಿಂತದಲ್ಲ. ಅದರಾಗಿಂದ ಬಂದ್ರ ಒಳಗ ಬಂದಂಗೇ."

ಗೋಡೆ ಬಿದ್ದ ಕಡೆ ಲಾರಿ ನುಗ್ಗುವಷ್ಟು ದಾರಿಯಿತ್ತು. ನಾನು ಸೆರಗು ಸರಿಮಾಡಿಕೊಂಡು ಬಾಗಿಲಿನಿಂದಲೇ ಹೋದೆ. ಕನ್ನಡಿಯಿಲ್ಲ, ಪಟವಿಲ್ಲ. ಹೊಗೆ ಹಿಡಿದ ಗೋಡೆ, ಕುಂಟುವ ಬೆಂಚು. ನಮ್ಮವರು ಎಲ್ಲಿ ಕೂರುತ್ತಿದ್ದರು ಅಂತ ಕೇಳಿದೆ. ಶಿವರಾಜ ಮೂಲೆ ತೋರಿಸಿದ. ಅಲ್ಲೇ ಕೂತು ಚಹಾ ಹೀರಿದೆ, ಕಿಟಕಿಯಿಂದ ಬರುತ್ತಿದ್ದ ಅದೇ ಸಪ್ಪೆ ಚಹಾ. ತಲೆ ಎತ್ತಿದರೆ ಎದುರಿಗೆ ಕಿಟಕಿ, ಕಿಟಕಿಯಾಚೆ ಬೇವಿನ ಬುಡ, ನೆಟ್ಟಗೆ ನಾನು ಕೂರುತ್ತಿದ್ದ ಜಾಗ.

ಅಷ್ಟು ಹೊತ್ತು ಏಕೆ ಕೂರುತ್ತಿದ್ದರೆಂದು ಈಗ ತಿಳಿಯಿತು. ಮರುಗಳಿಗೆಯೇ, ನನ್ನ ಪಕ್ಕದಲ್ಲಿ ಕೂರುತ್ತಿದ್ದ ಸಿರ್ಗಾಪುರದ ಚೆಲುವೆಯೂ ನೆನಪಾದಳು.

ಆದರೂ ಅವರು ನೋಡುತ್ತಿದ್ದದ್ದು ನನ್ನನ್ನೇ ಎಂದು ವಾಟ್ಸಾಪಿನಲ್ಲಿ ಬರೆದು ಹಾಕಿದೆ. ಬಿದ್ದ ಕಟ್ಟಡ, ತೀರಿಕೊಂಡ ಗಂಡ, ಎರಡೂ ಎದುರು ಮಾತಾಡುವುದಿಲ್ಲ.