ಮೂವತ್ತೈದು ಅಂಕದ ಕಚೇರಿ

ನಮ್ಮ ಶಿಕ್ಷಕರ ಸಂಘದ ಕಾರ್ಯದರ್ಶಿಯವರನ್ನು ಎಲ್ಲರೂ ಪಾಸ್ ಮೇಷ್ಟ್ರು ಎಂದೇ ಕರೆಯುತ್ತಾರೆ. ಗಣಿತದವರು. ಅವರ ಕೈಯಲ್ಲಿ ಇಂದಿನವರೆಗೆ ಒಂದು ಮಗುವೂ ಫೇಲಾಗಿಲ್ಲ. ಇದನ್ನು ಕೇಳಿ ಅವರ ಪಾಠದ ಬಗ್ಗೆ ಭಾರೀ ಅಭಿಪ್ರಾಯ ಇಟ್ಟುಕೊಳ್ಳಬೇಡಿ. ಒಬ್ಬನನ್ನು ಫೇಲ್ ಮಾಡಿದರೆ ಯಾಕೆ ಫೇಲಾದ ಎಂದು ಮೇಷ್ಟ್ರೇ ವಿವರಣೆ ಬರೆಯಬೇಕು, ರಜೆಯಲ್ಲಿ ಅವನನ್ನು ಕೂರಿಸಿಕೊಂಡು ಪಾಠ ಹೇಳಬೇಕು, ಮತ್ತೆ ಪರೀಕ್ಷೆ ಮಾಡಬೇಕು. ಈ ಉಸಾಬರಿ ಯಾರಿಗೆ ಬೇಕು ಎಂದು ಜಾಣರಾದವರು ಮೂವತ್ತೈದು ಹಾಕಿ ಕೈತೊಳೆದುಕೊಳ್ಳುತ್ತಾರೆ. ನಮ್ಮಲ್ಲಿ ಜಾಣರಿಗೇನೂ ಬರವಿಲ್ಲ.

ಅವರ ಹೆಂಡತಿಯೂ ಟೀಚರೇ. ಊರಾಚೆಯ ಶಾಲೆಯಲ್ಲಿ ಐದು ತರಗತಿಗಳನ್ನು ಒಂದೇ ಕೋಣೆಯಲ್ಲಿ ಒಬ್ಬರೇ ನಡೆಸುತ್ತಿದ್ದರು. ಈ ಮೂಲೆಯಲ್ಲಿ ಮಗ್ಗಿ, ಆ ಮೂಲೆಯಲ್ಲಿ ಕಾಗುಣಿತ, ನಡುವೆ ಮೂಗು ಒರೆಸುವ ಕೆಲಸ. ಕೂಗಿ ಕೂಗಿ ಗಂಟಲು ಕೆಟ್ಟಿತ್ತು. "ಜೊತೆಗೆ ಇನ್ನೊಬ್ರು ಬರದಿದ್ರೆ ಈ ದನಿ ಉಳಿಯಲ್ಲಮ್ಮಾ" ಎಂದು ಡಾಕ್ಟರು ಹೇಳಿಯಾಗಿತ್ತು.

ಅಷ್ಟರಲ್ಲಿ ಜಿಲ್ಲಾ ಶಿಕ್ಷಣ ಕಚೇರಿಗೆ ತನ್ನ ಬಗ್ಗೆ ಶಿಕ್ಷಕರು ಏನೆನ್ನುತ್ತಾರೆಂದು ತಿಳಿಯುವ ಆಸೆ ಹುಟ್ಟಿತು. ಸಾಕಷ್ಟು ಶಿಕ್ಷಕರಿದ್ದಾರೆಯೇ? ಕಟ್ಟಡ ಹೇಗಿದೆ? ಶೌಚಾಲಯ ಹೇಗಿದೆ? ಪ್ರತಿಯೊಂದಕ್ಕೂ ನೂರಕ್ಕೆ ಇಷ್ಟೆಂದು ಅಂಕ ಕೊಡಿ, ಹೆಸರು ಬರೆಯಬೇಡಿ, ಫೇಲಾದ ಕಡೆ ತಕ್ಷಣ ಕ್ರಮ ಕೈಗೊಳ್ಳುತ್ತೇವೆ ಎಂದಿತು. ಪಾಸ್ ಮೇಷ್ಟ್ರು ಉಬ್ಬಿಹೋದರು. "ನೋಡ್ತಿರು, ಬರೋ ತಿಂಗಳು ನಿಂಗೆ ಜೊತೆ ಸಿಗುತ್ತೆ" ಎಂದು ಹೆಂಡತಿಗೆ ಹೇಳಿದರು.

ಫಲಿತಾಂಶ ಸಂಘದ ಕೈಸೇರಿದ ಭಾನುವಾರ ಸದಸ್ಯರ ಸಭೆ. ಮಕ್ಕಳ ಬೆಂಚುಗಳಲ್ಲಿ ಮಂಡಿಯನ್ನು ಗದ್ದಕ್ಕೆ ತಾಗಿಸಿಕೊಂಡು ಕೂತಿದ್ದೆವು. ಮೇಷ್ಟ್ರು ಹಾಳೆ ಬಿಡಿಸಿ ಓದಿದರು. ಶಿಕ್ಷಕರ ಸಂಖ್ಯೆ, ಮೂವತ್ತೈದು. ಕಟ್ಟಡ, ಮೂವತ್ತೈದು. ಶೌಚಾಲಯ, ಮೂವತ್ತೈದು. ಕಚೇರಿ ಎಲ್ಲ ವಿಷಯಗಳಲ್ಲೂ ಉತ್ತೀರ್ಣವಾಗಿರುವುದರಿಂದ ಯಾವ ಕ್ರಮದ ಅಗತ್ಯವೂ ಇಲ್ಲ.

ಅಧ್ಯಕ್ಷರು ಸಿಡಿದೆದ್ದರು. "ಯಾರ್ರೀ ಶೌಚಾಲಯಕ್ಕೆ ಪಾಸ್ ಕೊಟ್ಟೋರು? ನಮ್ಮ ಶಾಲೇಲಿ ಅದಕ್ಕೆ ಬಾಗಿಲೇ ಇಲ್ಲ!"

"ನೀವೆಷ್ಟು ಕೊಟ್ರಿ ಸಾರ್?" ಎಂದು ಯಾರೋ ಕೇಳಿದರು.

"ನಾನಾ? ಮೂವತ್ತೈದು. ಫೇಲ್ ಮಾಡಿದ್ರೆ ವಿವರಣೆ ಕೇಳ್ತಾರಲ್ವೇನ್ರೀ?"

ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ. ಅಂಕ ಎಂದ ಕೂಡಲೇ ಎಲ್ಲರ ಕೈಯೂ ತಾನಾಗಿಯೇ ಅದನ್ನು ಬರೆದಿತ್ತು. ಹುಟ್ಟುಗುಣ ಸುಟ್ಟರೂ ಹೋಗದು.

ಕೊನೆಗೊಂದು ಸಾಲು ಉಳಿದಿತ್ತು. ಮೇಷ್ಟ್ರು ಅದನ್ನೂ ಓದಿದರು: "ಒಬ್ಬರು ಮಾತ್ರ ಎಲ್ಲದಕ್ಕೂ ಸೊನ್ನೆ ಕೊಟ್ಟಿದ್ದಾರೆ. ಕೈತಪ್ಪಿನಿಂದ ಆದದ್ದೆಂದು ಭಾವಿಸಿ ಅದನ್ನು ಕೈಬಿಡಲಾಗಿದೆ." ಓದಿ ಅವರಿಗೇ ನಗು ಬಂತು. "ಯಾರಪ್ಪಾ ಆ ಮಹಾನುಭಾವ?"

ಹಿಂದಿನ ಬೆಂಚಿನಿಂದ ಅವರ ಹೆಂಡತಿ ಎದ್ದು ನಿಂತರು. ಬಾಯಿಂದ ದನಿಗಿಂತ ಗಾಳಿಯೇ ಹೆಚ್ಚು ಬಂತು. "ನಾನೇ. ನೀವೆಷ್ಟು ಕೊಟ್ರಿ?"

ಮೇಷ್ಟ್ರು ಹಾಳೆ ಮಡಿಸಿದರು, ಮತ್ತೆ ಬಿಡಿಸಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಸಮಾಧಾನ ಹೇಳಲು ಅಧ್ಯಕ್ಷರು ಬಾಯಿ ಹಾಕಿದರು. "ಹೋಗ್ಲಿ ಬಿಡಿ ಮೇಡಂ. ನೀವೂ ಒಂದು ಮೂವತ್ತೈದು ಹಾಕಿದ್ದಿದ್ರೆ ನೂರಕ್ಕೆ ನೂರು ರಿಸಲ್ಟ್ ಬಂದಿರೋದು." ಕೆಲವರು ಹೌದೆಂದು ತಲೆಯಾಡಿಸಿದರು. ಇಂಥವರ ಜೊತೆ ನಾನು ಸಂಘ ಕಟ್ಟಿದ್ದೇನೆ.

ಮರುದಿನವೇ ಮೇಡಂ ಡಾಕ್ಟರ ಚೀಟಿ ಕೊಟ್ಟು ಒಂದು ತಿಂಗಳ ರಜೆ ಹಾಕಿದರು. ಶಾಲೆ ಮುಚ್ಚುವಂತಿಲ್ಲ. ಹತ್ತಿರದ ಶಾಲೆಯಿಂದ ಒಬ್ಬರನ್ನು ಕಳಿಸಬೇಕಾಯಿತು. ಕಚೇರಿ ಪಾಸ್ ಮೇಷ್ಟ್ರನ್ನೇ ಕಳಿಸಿತು. ವಾರ ತುಂಬುವಷ್ಟರಲ್ಲಿ ಅವರ ಗಂಟಲೂ ಕಟ್ಟಿತು. ಶನಿವಾರ ಮನೆಗೆ ಬಂದವರು ಅಡುಗೆಮನೆಯ ಬಾಗಿಲಲ್ಲಿ ನಿಂತು, ಏನನ್ನೋ ಒಪ್ಪಿಕೊಳ್ಳುವವರಂತೆ ಬಾಯಿ ತೆರೆದರು. ಮೇಡಂ ಬಿಸಿನೀರಿನ ಲೋಟವನ್ನು ಅವರ ಕೈಗಿಟ್ಟರು. ವಾರದ ವಿಶ್ರಾಂತಿಯಿಂದ ಮೇಡಂಗೆ ಅಷ್ಟಿಷ್ಟು ದನಿ ಮರಳಿತ್ತು.

"ಮಾತಾಡ್ಬೇಡಿ. ಇಬ್ರೂ ಮೂಕರಾಗಿ ಕೂತ್ರೆ ಆ ಮಕ್ಕಳಿಗೆ ಯಾರಿದ್ದಾರೆ? ಸೋಮವಾರದಿಂದ ನಾನೇ ಹೋಗ್ತೀನಿ."