ಅತ್ತಿ ಎದ್ದು ನಿಂತ ರವಿವಾರ

ನನ್ನ ಅತ್ತಿ, ಅಂದರೆ ಅಪ್ಪನ ತಂಗಿ, ಶಹಾಬಾದದ ನಮ್ಮ ಮನೆಯಲ್ಲಿದ್ದದ್ದು ಬರೀ ಮೂರು ವರ್ಷ. ನನಗೆ ತಾಯಿ ಇರಲಿಲ್ಲ, ಅವಳ ಗಂಡ ತೀರಿಹೋಗಿದ್ದ. ಇಬ್ಬರಿಗೂ ಸೇರಿ ಹೊದೆಯಲು ಒಂದೇ ಕೌದಿ. ಅವಳು ಮನೆ ಬಿಟ್ಟು ಹೋಗಿ ನಲವತ್ತು ವರ್ಷವಾಯಿತು. ಈಗಲೂ ಯಾರದಾದರೂ ಮನೆಯಿಂದ ರೊಟ್ಟಿ ಬಡಿಯುವ ಸದ್ದು ಕೇಳಿದರೆ ರಸ್ತೆಯಲ್ಲೇ ನಿಲ್ಲುತ್ತೇನೆ. ಅದು ಅವಳ ಬಡಿತವಲ್ಲ ಎಂದು ಗೊತ್ತಾದ ಮೇಲೆ ಮುಂದೆ ನಡೆಯುತ್ತೇನೆ. ಅವಳು ಹೋದದ್ದು ನನ್ನಿಂದ. ಇದನ್ನು ಇಷ್ಟು ನೇರವಾಗಿ ಬರೆಯಲು ಕೂದಲು ಹಣ್ಣಾಗಬೇಕಾಯಿತು.

ನಮ್ಮದು ಸಣ್ಣ ಕ್ರೈಸ್ತ ಸಭೆ. ಅಪ್ಪ ಫರಸಿಕಲ್ಲು ಪಾಲಿಶ್ ಮಾಡುವಲ್ಲಿ ಕೆಲಸಕ್ಕಿದ್ದ, ಸಭೆಯ ಬಹಳಷ್ಟು ಗಂಡಸರೂ ಅಷ್ಟೇ. ಹೆಂಗಸರಿಗೆ ಒಂದು ರೂಢಿಯಿತ್ತು. ಸಂಜೆ ಒಲೆ ಹೊತ್ತಿಸುವ ಮುಂಚೆ ಚೀಲದಿಂದ ಒಂದು ಹಿಡಿ ಜೋಳ ತೆಗೆದು ದೇವರ ಗಡಿಗೆಗೆ ಹಾಕಬೇಕು. ಮನೆಯಲ್ಲಿ ಎಷ್ಟೇ ಕಡಿಮೆ ಇರಲಿ, ಮೊದಲ ಹಿಡಿ ಅದಕ್ಕೆ. ಸುಗ್ಗಿ ಮುಗಿದ ಮೇಲೆ ಒಂದು ರವಿವಾರ ಎಲ್ಲರೂ ಗಡಿಗೆ ಹೊತ್ತು ಬಂದು, ಪಾಸ್ಟರ ಮುಂದೆ ಹಾಸಿದ ಬಿಳಿ ಬಟ್ಟೆಯ ಮೇಲೆ ಸುರಿಯುತ್ತಿದ್ದರು. ಆ ಜೋಳ ಇಲ್ಲದವರ ಮನೆಗೆ ಹೋಗುತ್ತಿತ್ತು. ಯಾರ ಗಡಿಗೆಯಿಂದ ಎಷ್ಟು ಬಿತ್ತು ಎಂದು ಯಾರೂ ನೋಡಬಾರದು ಎಂಬ ಮಾತಿತ್ತು. ಎಲ್ಲರೂ ನೋಡುತ್ತಿದ್ದರು.

ನನಗಾಗ ಹನ್ನೊಂದು. ಶಾಲೆಯ ಗೇಟಿನ ಮುಂದೆ ಬಾರಿಹಣ್ಣು ಮಾರುವ ಮುದುಕಿ ಕಾಳು ಕೊಟ್ಟರೂ ಹಣ್ಣು ಕೊಡುತ್ತಿದ್ದಳು. ಒಂದು ದಿನ ದೇವರ ಗಡಿಗೆಯಿಂದ ಒಂದು ಹಿಡಿ ತೆಗೆದು ಪಾಟಿಚೀಲಕ್ಕೆ ಹಾಕಿಕೊಂಡೆ. ಯಾರೂ ನೋಡಲಿಲ್ಲ. ಆಮೇಲೆ ಅದೇ ರೂಢಿಯಾಯಿತು. ಸಂಜೆ ಅತ್ತಿ ಹಾಕಬೇಕು, ಬೆಳಿಗ್ಗೆ ನಾನು ತೆಗೆಯಬೇಕು. ಈ ಕತೆ ಕೇಳಿದವರು 'ಪಾಪ, ಕೂಸಿಗೆ ಹಸಿವಾಗಿರಬೇಕು' ಎನ್ನುತ್ತಾರೆ. ನನಗೆ ಸಿಟ್ಟು ಬರುತ್ತದೆ. ಅತ್ತಿ ಮಾಡಿಕೊಟ್ಟ ರೊಟ್ಟಿ, ಶೇಂಗಾ ಹಿಂಡಿ ಹೊಟ್ಟೆತುಂಬ ತಿಂದೇ ಶಾಲೆಗೆ ಹೋಗುತ್ತಿದ್ದೆ. ಬಾರಿಹಣ್ಣು ರುಚಿಯಾಗಿತ್ತು, ಅಷ್ಟೇ.

ಆ ಸುಗ್ಗಿಯ ರವಿವಾರ ಗಡಿಗೆ ಎತ್ತಿಕೊಳ್ಳುವಾಗಲೇ ಅತ್ತಿಯ ಮುಖ ಬದಲಾದದ್ದನ್ನು ಕಂಡೆ. ಬಟ್ಟೆಯ ಮೇಲೆ ಸುರಿದಾಗ ಬಿದ್ದದ್ದು ಉಳಿದವರದರ ಅರ್ಧವೂ ಇರಲಿಲ್ಲ. ಹಿಂದೆ ಕೂತ ಹೆಂಗಸರು ಪಿಸುಗುಟ್ಟಿದರು. ಮನೆಗೆ ಬಂದ ಮೇಲೆ ಅಪ್ಪ ನನ್ನನ್ನು ಕರೆದು ಕೂರಿಸಿಕೊಂಡ.

"ಅತ್ತಿ ದಿನಾ ಹಾಕ್ತಿದ್ಲೇನವ್ವಾ? ನೀ ನೋಡೀಯೇನು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನನ್ನು ಯಾರೂ ಕಳ್ಳಿ ಎಂದೇ ಇರಲಿಲ್ಲ, ಆದರೂ ನಾನು ಅವಸರ ಮಾಡಿದೆ. "ಒಮ್ಮೊಮ್ಮೆ ಮರೀತಿದ್ಲು," ಎಂದೆ. ಅತ್ತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು.

ಮುಂದಿನ ತಿಂಗಳ ಮೊದಲ ರವಿವಾರ, ಸಭೆಯವರೆಲ್ಲ ರೊಟ್ಟಿ ಹಂಚಿಕೊಳ್ಳುವ ಕರ್ತನ ಭೋಜನವಿತ್ತು. ರೊಟ್ಟಿ ಮುರಿಯುವ ಮುಂಚೆ, ಮನಸ್ಸಿನಲ್ಲಿ ಭಾರವಿದ್ದವರು ಎದ್ದು ನಿಂತು ಹೇಳಿಕೊಳ್ಳಬಹುದಿತ್ತು. ಸಾಮಾನ್ಯವಾಗಿ ಯಾರೂ ಏಳುತ್ತಿರಲಿಲ್ಲ, ಕೆಮ್ಮುತ್ತಿದ್ದರು. ಅಂದು ಅತ್ತಿ ಎದ್ದಳು.

"ದೇವರ ಗಡಿಗಿ ನನ್ನ ಕೈಯಾಗ ಇತ್ತು. ತಪ್ಪು ನಂದು," ಎಂದಳು.

ಕೂರುವಾಗ ನನ್ನ ಕಡೆ ನೋಡಿದಳು. ವಾರದೊಳಗೆ ಗಂಟು ಕಟ್ಟಿಕೊಂಡು ಚಿಂಚೋಳಿ ತಾಲೂಕಿನ ಚಿಮ್ಮನಚೋಡಕ್ಕೆ, ಗಂಡನ ಅಣ್ಣತಮ್ಮಂದಿರ ಮನೆಗೆ ಹೋಗಿಬಿಟ್ಟಳು. ಅಪ್ಪ ಬೇಡವೆಂದು ಎಷ್ಟು ಹೇಳಿದರೂ ಕೇಳಲಿಲ್ಲ. ಆ ರಾತ್ರಿ ಕೌದಿ ಪೂರ್ತಿ ನನಗೇ ಸಿಕ್ಕಿತು.

ಅವಳು ನೋಡಿದ ಆ ನೋಟಕ್ಕೆ ನಾನೇ ಒಂದು ಅರ್ಥ ಕಟ್ಟಿದೆ. ಅತ್ತಿಗೆ ಎಲ್ಲ ಗೊತ್ತು, ಗೊತ್ತಿದ್ದೇ ನನ್ನ ಮೇಲಿನ ಪ್ರೀತಿಗೆ ತಪ್ಪು ಹೊತ್ತಳು ಎಂದು. ಒಬ್ಬರು ಹೊತ್ತ ಮೇಲೆ ಮುಗಿಯಿತಲ್ಲ! ಅಪ್ಪ ಸಂಜೆ ಬೈಬಲ್ ಓದಿ ಹೇಳುತ್ತಿದ್ದ, "ಆದಾಮ ಹೆಂಡ್ತಿ ಮ್ಯಾಲ ಹಾಕಿದ, ಆಕಿ ಹಾವಿನ ಮ್ಯಾಲ ಹಾಕಿದ್ಲು. ದೇವರು ಮಾತ್ರ ಇಬ್ಬರಿಗೂ ಬ್ಯಾರೆ ಬ್ಯಾರೆ ಕೇಳಿದ." ನಾನು ತಲೆ ತಗ್ಗಿಸಿ ಕೇಳುತ್ತಿದ್ದೆ. ನನ್ನನ್ನು ಬೇರೆಯಾಗಿ ಕೇಳುವುದು ಬೇಕಿಲ್ಲ, ನನ್ನ ಪರವಾಗಿ ಅತ್ತಿ ಹೇಳಿಯಾಗಿದೆ ಎಂದುಕೊಳ್ಳುತ್ತಿದ್ದೆ. ವಾಡಿಯಲ್ಲಿ, ಚಿತ್ತಾಪುರದಲ್ಲಿ ನೆಂಟರ ಮದುವೆಗೆ ಹೋದಾಗ ಅವಳು ಸಿಗುತ್ತಿದ್ದಳು. ಗದ್ದ ಹಿಡಿದು "ದೊಡ್ಡಾಕಿ ಆದಿ" ಎನ್ನುತ್ತಿದ್ದಳು. ನಮ್ಮೂರಿಗೆ ಬಾ ಎಂದು ಒಮ್ಮೆಯೂ ಕರೆಯಲಿಲ್ಲ. ಕರೆಯಲಿ ಎಂದು ಊಟ ಮುಗಿದ ಮೇಲೂ ಅವಳ ಸುತ್ತಲೇ ಸುಳಿಯುತ್ತಿದ್ದೆ.

ನಾನು ಸೇಡಂನಲ್ಲಿ ಶಿಕ್ಷಕಿಯಾದೆ, ಸಭೆಯಲ್ಲಿ ನಾಲ್ಕು ಮಾತು ಆಡುವಷ್ಟು ದೊಡ್ಡವಳೂ ಆದೆ. ಹೋದ ವರ್ಷ ಹೆಂಗಸರ ಕೂಟದಲ್ಲಿ ಮಾತಾಡಲು ಕರೆದರು. ಅವರವರ ಪಾಪಕ್ಕೆ ಅವರವರೇ ಉತ್ತರ ಕೊಡಬೇಕು ಎಂಬುದು ವಿಷಯ. ನಾನು ಅತ್ತಿಯ ಕತೆ ಹೇಳಿದೆ. ಒಂದು ಮಗುವಿನ ಕಳ್ಳತನವನ್ನು ತನ್ನದೆಂದು ಹೊತ್ತ ಒಬ್ಬ ತಾಯಿ ಇದ್ದಳು ಎಂದೆ. ಎಲ್ಲರೂ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಆ ಮಗು ಯಾರು ಎಂದು ಮಾತ್ರ ಹೇಳಲಿಲ್ಲ. ಮನೆಗೆ ಬಂದು ಚಪ್ಪಲಿ ಬಿಡುವಾಗ ನನ್ನ ಬಗ್ಗೆ ನನಗೇ ಅಸಹ್ಯವಾಯಿತು. ಕದ್ದದ್ದು ಸಾಲದೆಂದು ಅದರಿಂದ ಹೆಸರೂ ಮಾಡಿಕೊಂಡಿದ್ದೆ.

ಮುಂದಿನ ಶನಿವಾರ ಚಿಂಚೋಳಿ ಬಸ್ ಹತ್ತಿದೆ. ಚಿಮ್ಮನಚೋಡದಲ್ಲಿ ಅತ್ತಿ ಅಂಗಳದಲ್ಲಿ ಕೂತು ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಎಪ್ಪತ್ತರ ಹತ್ತಿರ ಬಂದಿದ್ದಾಳೆ, ಕಣ್ಣು ಇನ್ನೂ ಚುರುಕು.

"ಬಾ ಯವ್ವಾ, ಕುಂದ್ರು. ಛಾ ಮಾಡ್ತೀನಿ."

"ಛಾ ಬ್ಯಾಡತ್ತಿ. ಒಂದು ಮಾತು ಹೇಳ್ಬೇಕು. ಗಡಿಗ್ಯಾಗಿನ ಜೋಳ ತಗೊಂಡಾಕಿ ನಾನು. ನಿನಗ ಗೊತ್ತದ, ಆದ್ರೂ ನನ್ನ ಬಾಯಿಲೆ ಹೇಳ್ಬೇಕು ಅಂತ ಬಂದೀನಿ."

ಅವಳ ಕೈ ನಿಂತಿತು. "ಯಾವ ಗಡಿಗಿ?"

ಹೇಳಿದೆ. ಬಾರಿಹಣ್ಣು, ಮುದುಕಿ, ಪಾಟಿಚೀಲ, ಅಪ್ಪನಿಗೆ ಆಡಿದ ಸುಳ್ಳು, ಎಲ್ಲ. ಅತ್ತಿ ಮೊರ ಕೆಳಗಿಟ್ಟಳು.

"ನನಗ ಗೊತ್ತಿರಲಿಲ್ಲ," ಎಂದಳು. "ನೀ ಮರೀತಿದ್ಲು ಅಂದಿ. ಗಂಡ ಸತ್ತು ನನ್ನ ತಲಿ ಠಿಕಾಣಿ ಇರಲಿಲ್ಲ. ಕೂಸು ಯಾಕ ಸುಳ್ಳು ಹೇಳ್ತದ, ಖರೇನೇ ಮರ್ತಿರಬೇಕು ಅಂದ್ಕೊಂಡೆ. ದೇವರ ಗಡಿಗೀನೇ ಸಂಭಾಳಿಸಲಿಲ್ಲ, ನಿನ್ನ ಹ್ಯಾಂಗ ಸಂಭಾಳಿಸ್ಲಿ ಅಂತ ಬಿಟ್ಟು ಬಂದೆ. ಅವತ್ತಿಂದ ದಿನಾ ಎರಡು ಹಿಡಿ ಹಾಕಲಿಕತ್ತೀನಿ. ಒಂದು ಆ ದಿನದ್ದು, ಒಂದು ಮರ್ತದ್ದು."

ನಾನು ಕಟ್ಟಿಕೊಂಡಿದ್ದ ಚಂದದ ಕತೆ ಅಲ್ಲಿಗೆ ಮುಗಿಯಿತು. ಅವಳು ನನ್ನ ಪಾಪ ಹೊತ್ತಿರಲಿಲ್ಲ. ತನ್ನದೆಂದೇ ನಂಬಿ, ಮಾಡದ ತಪ್ಪಿಗೆ ನಲವತ್ತು ವರ್ಷ ದೇವರಲ್ಲಿ ಕ್ಷಮೆ ಬೇಡಿದ್ದಳು. ನನ್ನದು ನನ್ನ ಹತ್ತಿರವೇ ಇತ್ತು, ತೆಗೆದಂದು ಎಷ್ಟಿತ್ತೋ ಅದಕ್ಕಿಂತ ದೊಡ್ಡದಾಗಿ.

ಅತ್ತಿಯ ಕಣ್ಣಲ್ಲಿ ನೀರಿರಲಿಲ್ಲ, ಸಿಟ್ಟಿತ್ತು. "ಎಲ್ಲಾ ಹೇಳಿದಿ. ಕ್ಷಮಾ ಮಾಡು ಅಂತ ಇನ್ನೂ ಅಂದಿಲ್ಲ ನೀ."

"ಕ್ಷಮಾ ಮಾಡತ್ತಿ."

"ಇವತ್ತು ನನ್ನ ಕೈಲೆ ಆಗಂಗಿಲ್ಲ. ಬರೋ ಶನಿವಾರ ಬಾ."

ಆ ಬೈಗುಳದಂಥ ಕರೆಗೇ ನಾನು ನಲವತ್ತು ವರ್ಷ ಕಾದಿದ್ದೆ. ಬಸ್ಸಿನಲ್ಲಿ ಕೂತು ಅತ್ತುಬಿಟ್ಟೆ, ಪಕ್ಕದವರು ಹೊಟ್ಟೆನೋವೇನ್ರಿ ಎಂದು ಕೇಳಿದರು. ಅಂದಿನಿಂದ ಪ್ರತಿ ಶನಿವಾರ ಹೋಗುತ್ತೇನೆ. ಒಂದು ದಿನ ಮುಖ ತಿರುಗಿಸಿ ಕೂರುತ್ತಾಳೆ, ಇನ್ನೊಂದು ದಿನ ಬಿಸಿ ರೊಟ್ಟಿ ಬಡಿದು ಹಾಕುತ್ತಾಳೆ. ಕ್ಷಮಿಸಿದೆ ಎಂದು ಮಾತ್ರ ಹೇಳಿಲ್ಲ. ಹೊರಡುವಾಗ ಮಾತ್ರ ತಪ್ಪದೆ, "ಬರೋ ಶನಿವಾರ ಬಾ," ಎನ್ನುತ್ತಾಳೆ.

ಹೋದ ಶನಿವಾರ ನನ್ನ ಕೈ ಹಿಡಿದುಕೊಂಡು, "ನೋಡು ಯವ್ವಾ, ಆ ಮಾತು..." ಎಂದು ಶುರು ಮಾಡಿದಳು. ಅದನ್ನು ಹೇಳಿಬಿಟ್ಟರೆ ಮತ್ತೆ ಬಾ ಎನ್ನಲಿಕ್ಕಿಲ್ಲ ಎಂಬ ಹೆದರಿಕೆ ಹುಟ್ಟಿತು. ಬಸ್ಸಿಗೆ ಹೊತ್ತಾಯಿತತ್ತಿ ಎಂದು ಎದ್ದು ಬಂದುಬಿಟ್ಟೆ.