ಹೊಸದರಂತೆಯೇ ಇದೆ

ಆಸ್ಪತ್ರೆಯ ಉಗ್ರಾಣ ನೋಡಿಕೊಳ್ಳುವವನಿಗೆ ನರ್ಸುಗಳು ಇಟ್ಟ ಹೆಸರು ಬೀಗದಣ್ಣ. ಮೂವತ್ತೊಂದು ವರ್ಷಗಳಲ್ಲಿ ಅವನ ಉಸ್ತುವಾರಿಯಲ್ಲಿ ಒಂದು ಥರ್ಮಾಮೀಟರೂ ಒಡೆದದ್ದಿಲ್ಲ. ಹೊರಗೆ ಬಂದರೆ ತಾನೆ ಒಡೆಯುವುದು! ನಿವೃತ್ತಿಗೆ ಒಂದೇ ವರ್ಷ ಬಾಕಿ ಇತ್ತು. ಕಪ್ಪು ಚುಕ್ಕೆಯಿಲ್ಲದೆ ಮನೆಗೆ ಹೋಗಬೇಕೆಂಬುದೊಂದೇ ಅವನ ಆಸೆ.

ಅಷ್ಟರಲ್ಲಿ ಟೆಲಿಮೆಡಿಸಿನ್ ಯಂತ್ರ ಬಂತು. ದೂರದ ನಗರದ ತಜ್ಞರು ಪರದೆಯ ಮೇಲೆಯೇ ರೋಗಿಯನ್ನು ನೋಡಿ ಔಷಧ ಹೇಳುವ ಏರ್ಪಾಡು. ಬೀಗದಣ್ಣ ಅದರ ಪ್ಲಾಸ್ಟಿಕ್ ಕವರನ್ನೂ ಬಿಚ್ಚಲಿಲ್ಲ. ಅಳತೆ ಕೊಟ್ಟು ಹೆಂಡತಿಯ ಕೈಯಲ್ಲಿ ಬಟ್ಟೆಯ ಹೊದಿಕೆ ಹೊಲಿಸಿದ. ಅವಳ ಕೈಹೊಲಿಗೆ ಮಿಷನ್ನಿಗಿಂತ ಅಚ್ಚುಕಟ್ಟು. ಅದನ್ನು ಹೊದಿಸಿ ಕೋಣೆಗೆ ಬೀಗ ಜಡಿದ.

ಹಿರಿಯ ನರ್ಸ್ ಮೂರು ಸಲ ಬಂದು ಬೇಡಿಕೊಂಡಳು. "ಅಣ್ಣಾ, ಒಂದ್ಸಲ ತೆಗೆದುಕೊಡಿ, ಕೈ ಪಳಗಿಸ್ಕೋತೀವಿ."

"ಪೇಷೆಂಟೇ ಇಲ್ದೆ ಯಾತಕ್ಕಮ್ಮಾ? ಹಾಳಾದ್ರೆ ಯಾರು ಜವಾಬ್ದಾರಿ?"

ಪ್ರತಿ ತಿಂಗಳೂ ಪುಸ್ತಕದಲ್ಲಿ ಬರೆದ: ಹೊಸದರಂತೆಯೇ ಇದೆ.

ಒಂದು ಬೆಳಿಗ್ಗೆ ಪೇಷೆಂಟ್ ಬಂದಳು. ಬೀಗದಣ್ಣನ ಹೆಂಡತಿಯೇ. ಬಾಯಿ ಸೊಟ್ಟಗಾಗಿತ್ತು, ಬಲಗೈ ಜೋತುಬಿದ್ದಿತ್ತು. ನರತಜ್ಞರು ನೋಡಿ ಹೇಳದೆ ಇಂಜೆಕ್ಷನ್ ಕೊಡಲಾಗದು, ತಡವಾದಷ್ಟೂ ಕಷ್ಟ ಎಂದರು ಡಾಕ್ಟರು. ಬೀಗದಣ್ಣ ಓಡಿಹೋಗಿ ಬೀಗ ತೆಗೆದ. ತನ್ನ ಉಗುರಿನಿಂದಲೇ ಪ್ಲಾಸ್ಟಿಕ್ ಹರಿದ. ಯಂತ್ರ ಫಳಫಳ ಹೊಳೆಯಿತು. ಆದರೆ ಯಾವ ವೈರು ಎಲ್ಲಿಗೆ, ಯಾವ ಗುಂಡಿ ಯಾತಕ್ಕೆ, ಒಬ್ಬರಿಗೂ ಗೊತ್ತಿಲ್ಲ. ಕೊನೆಗೆ ತಜ್ಞರು ಪರದೆಯಲ್ಲಿ ಕಾಣಿಸಿಕೊಂಡರು, ಬಾಯಿ ಆಡಿಸಿದರು, ಶಬ್ದ ಮಾತ್ರ ಜಪ್ಪಯ್ಯ ಅಂದರೂ ಬರಲಿಲ್ಲ. ಅಷ್ಟು ದೊಡ್ಡ ಯಂತ್ರ ಎದುರಿಗಿರುವಾಗ ಜೇಬಿನ ಮೊಬೈಲು ಯಾರಿಗೆ ನೆನಪಾದೀತು? ನರ್ಸಿಗೆ ನೆನಪಾಗುವ ಹೊತ್ತಿಗೆ ಒಂದೂವರೆ ಗಂಟೆ ಕಳೆದಿತ್ತು. ಅವಳ ಫೋನಿನಲ್ಲೇ ತಜ್ಞರು ನೋಡಿದರು, ಇಂಜೆಕ್ಷನ್ ಬಿತ್ತು, ಜೀವ ಉಳಿಯಿತು. ಮಾತು ಮರಳಿತು. ಬಲಗೈ ಮರಳಲಿಲ್ಲ.

ಎರಡು ತಿಂಗಳಿಗೆ ಆಸ್ಪತ್ರೆಗಳ ಸಿದ್ಧತೆ ಪರೀಕ್ಷಿಸುವ ತಂಡ ಬಂತು. ಪ್ರತ್ಯೇಕ ಕೋಣೆ ಇದೆ, ಯಂತ್ರಕ್ಕೆ ಒಂದು ಗೀರೂ ಇಲ್ಲ, ಪುಸ್ತಕ ಅಚ್ಚುಕಟ್ಟಾಗಿದೆ. ಪೂರ್ತಿ ಅಂಕ ಕೊಟ್ಟರು. ಬೀಗದಣ್ಣನಿಗೆ ಪ್ರತ್ಯೇಕ ಪ್ರಶಸ್ತಿಪತ್ರ, ಮೇಲೊಂದು ಚಪ್ಪಾಳೆ.

ಮನೆಯಲ್ಲಿ ಹೆಂಡತಿ ಅದನ್ನು ಎಡಗೈಯಲ್ಲಿ ಹಿಡಿದು ನೋಡಿದಳು.

"ಯಾತಕ್ಕೆ ಕೊಟ್ರು?"

"ನಮ್ಮಾಸ್ಪತ್ರೆ ಸಿದ್ಧವಾಗಿದೆಯಂತೆ."

ಅವಳು ಕಾಗದವನ್ನು ಅವನತ್ತ ಚಾಚಿದಳು. "ಚೆನ್ನಾಗಿದೆ ರೀ. ಹಾಳಾಗದ ಹಾಗೆ ಬೀಗ ಹಾಕಿಡಿ."

ಅವನಿಗೆ ಅಳು ತಡೆಯಲಾಗಲಿಲ್ಲ.

ಮರುದಿನ ಹೋದವನೇ ಆ ಕೋಣೆಯ ಕೀಲಿಯನ್ನು ನರ್ಸಿನ ಕೈಗಿಟ್ಟ. ಉಗ್ರಾಣದಿಂದ ಏನು ಪಡೆದರೂ ಸಹಿ ಹಾಕುವ ಅಭ್ಯಾಸಬಲದಿಂದ ಅವಳು ಪೆನ್ನು ತೆಗೆದಳು. ಅವನು ಪುಸ್ತಕ ತಂದಿರಲಿಲ್ಲ.